ವೇತನವೂ ವಿದ್ಯಾಪೀಠವೂ: ಪುಣೆಯಲ್ಲಿ ಹೊಸ ಉದ್ಯಮಿಗಳ ಎರಡು ದಾರಿಗಳು

೧

ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ದಿನಗಳಲ್ಲಿ ಆ ಭಾಗದ ಕನ್ನಡಿಗರಿಗೆ ಉಚ್ಚ ಶಿಕ್ಷಣವೆಂದರೆ ಬಹುಮಟ್ಟಿಗೆ ಪುಣೆಯ ಶಿಕ್ಷಣವೇ ಆಗಿತ್ತು. ಧಾರವಾಡದಲ್ಲಿ ೧೯೧೭ರಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ ಪದವಿಯ ಆಸೆಯುಳ್ಳವರು ಗಡಿ ದಾಟಿಯೇ ಹೋಗಬೇಕಾಗಿತ್ತು. ಆಲೂರ ವೆಂಕಟರಾಯರು, ಅವರ ತರುವಾಯ ದ. ರಾ. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ್ದು ಎಲ್ಲರಿಗೂ ತಿಳಿದ ಸಂಗತಿ. ಅಂದು ಬಂದವರು ಹೆಚ್ಚಾಗಿ ವಕೀಲಿ, ಅಧ್ಯಾಪನ, ಸರಕಾರಿ ಚಾಕರಿ ಇವುಗಳ ಕಡೆ ದೃಷ್ಟಿಯಿಟ್ಟವರು. ಇಂದು ಬರುವವರಲ್ಲಿ ಅನೇಕರು ಸ್ವಂತ ಉದ್ಯಮವೊಂದನ್ನು ಕಟ್ಟಬೇಕೆಂಬ ಹಂಬಲದವರು. ಅವರ ಮುಂದೆ ಎರಡು ದಾರಿಗಳಿವೆ. ವಿಶ್ವವಿದ್ಯಾನಿಲಯವೊಂದರ ಉದ್ಯಮಶೀಲತೆಯ ಪಾಠಕ್ರಮಕ್ಕೆ ಸೇರುವುದು ಒಂದು. ನವೋದ್ಯಮಿಗಳಿಗಾಗಿ ಮೀಸಲಾದ ಫೆಲೋಶಿಪ್ಪನ್ನು ಪಡೆದು ನೇರವಾಗಿ ಕೆಲಸಕ್ಕೆ ಇಳಿಯುವುದು ಇನ್ನೊಂದು.

ಈ ಎರಡರ ಭೇದವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಯುಕ್ತ. ಪಾಠಕ್ರಮದಲ್ಲಿ ವಿದ್ಯಾರ್ಥಿಯು ಶುಲ್ಕ ಕೊಡುತ್ತಾನೆ, ಗೊತ್ತಾದ ಅವಧಿಯವರೆಗೆ ಕಲಿಯುತ್ತಾನೆ, ಕೊನೆಗೆ ಪದವಿಯನ್ನು ಪಡೆಯುತ್ತಾನೆ. ಫೆಲೋಶಿಪ್ಪಿನಲ್ಲಿ ಹಣದ ಹರಿವು ತಿರುಗುಮುರುಗಾಗುತ್ತದೆ. ಅಲ್ಲಿ ಸಂಸ್ಥೆಯೇ ತರುಣನಿಗೆ ತಿಂಗಳ ವೇತನ ಕೊಟ್ಟು, ಅವನ ಕಲ್ಪನೆಯೊಂದು ರೂಪತಾಳುವವರೆಗೆ ಅನ್ನದ ಚಿಂತೆಯನ್ನು ಕಳೆಯುತ್ತದೆ. ಪದವಿಯ ಮಾತು ಅಲ್ಲಿಲ್ಲ. ಒಂದು ಮಾರ್ಗ ವಿದ್ಯೆಯನ್ನು ಕೊಡುತ್ತದೆ, ಮತ್ತೊಂದು ಕಾಲವನ್ನು ಕೊಡುತ್ತದೆ ಎಂದು ಸಂಕ್ಷೇಪವಾಗಿ ಹೇಳಬಹುದು.

ಈ ಆಯ್ಕೆ ಕೇವಲ ತರುಣರ ಅಭಿರುಚಿಯ ಪ್ರಶ್ನೆಯಲ್ಲ. ಪರಸ್ಥಳದಲ್ಲಿ ಬಾಡಿಗೆ ಮನೆಯಲ್ಲಿದ್ದು ಮಕ್ಕಳನ್ನು ಓದಿಸಿದ ಕುಟುಂಬಕ್ಕೆ ಎರಡು ವರ್ಷದ ಶುಲ್ಕವಾಗಲಿ, ಒಂದು ವರ್ಷದ ಸಂಬಳ ತಪ್ಪುವುದಾಗಲಿ ಸಣ್ಣ ಮಾತಲ್ಲ. ತಪ್ಪು ಆಯ್ಕೆಯ ಭಾರವನ್ನು ಮನೆಯವರೆಲ್ಲರೂ ಹೊರಬೇಕಾಗುತ್ತದೆ. ಹೀಗಿರುವಾಗ, ಪ್ರಶ್ನೆ ಹೊಸದೆಂದು ತೋರಿದರೂ ಪುಣೆಯ ಮಟ್ಟಿಗೆ ಅದು ಎರಡು ಶತಮಾನಗಳಷ್ಟು ಹಳೆಯದೆಂಬುದನ್ನು ಗಮನಿಸಿ, ಆ ಇತಿಹಾಸದ ಕೆಲವು ಘಟ್ಟಗಳನ್ನು, ವಿಶೇಷವಾಗಿ ಕನ್ನಡಿಗರ ಸಂಬಂಧವುಳ್ಳವುಗಳನ್ನು, ಪರಿಶೀಲಿಸುವುದು ಪ್ರಯೋಜನಕರವಾದೀತು.

೨

ವೇತನ ಮತ್ತು ವಿದ್ಯಾಪೀಠಗಳ ಮೊದಲ ಮುಖಾಮುಖಿ ಪುಣೆಯಲ್ಲಿ ನಡೆದದ್ದು ದಕ್ಷಿಣೆಯ ಹಣದ ವಿಷಯದಲ್ಲಿ. ವಿದ್ವಾಂಸರಿಗೆ ವರ್ಷಕ್ಕೊಮ್ಮೆ ಶ್ರಾವಣಮಾಸದಲ್ಲಿ ದ್ರವ್ಯದಾನ ಮಾಡುವ ಪದ್ಧತಿಯನ್ನು ತಳೇಗಾಂವದ ಸೇನಾಪತಿ ಖಂಡೇರಾವ ದಾಭಾಡೆ ಆರಂಭಿಸಿದನು. ೧೭೩೧ರಲ್ಲಿ ದಾಭಾಡೆ ಮನೆತನದ ಪ್ರಾಬಲ್ಯ ಮುರಿದ ಬಳಿಕ ಪೇಶ್ವೆ ಮೊದಲನೆಯ ಬಾಜೀರಾಯನು ಅದನ್ನು ಪುಣೆಯಲ್ಲಿ ಮುಂದುವರಿಸಿದನು. ದೂರದೂರದ ನಾಡುಗಳಿಂದ ಶಾಸ್ತ್ರಪಂಡಿತರು ಪರ್ವತಿಯ ಬೆಟ್ಟದ ಬುಡದಲ್ಲಿ ನೆರೆಯುತ್ತಿದ್ದರು. ಅದರ ಉದ್ದೇಶ ವಿದ್ಯೆಯ ಪೋಷಣೆಯೇ ಆಗಿದ್ದರೂ ಕಾಲಕ್ರಮದಲ್ಲಿ ಯೋಗ್ಯತೆಯ ಪರೀಕ್ಷೆ ಸಡಿಲವಾಗಿ ದಾನಗ್ರಹಣವೇ ಮುಖ್ಯವಾಯಿತು. ಅದು ಒಂದೇ ವರ್ಣಕ್ಕೆ ಸೀಮಿತವಾಗಿತ್ತೆಂಬುದನ್ನೂ ಮರೆಯಲಾಗದು.

೧೮೧೮ರಲ್ಲಿ ಪೇಶ್ವೆಯರ ಆಳಿಕೆ ಕೊನೆಗೊಂಡ ಮೇಲೆ ಎಲ್ಫಿನ್‌ಸ್ಟನ್ನನ ಆಡಳಿತ ಈ ದಾನವನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ಅದರ ಒಂದು ಭಾಗವನ್ನು ತಿರುಗಿಸಿ, ೧೮೨೧ರ ಅಕ್ಟೋಬರಿನಲ್ಲಿ ವಿಶ್ರಾಮಬಾಗ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆಯೊಂದನ್ನು ತೆರೆಯಲಾಯಿತು. ಅದೇ ಮುಂದೆ ಬೆಳೆದು ಡೆಕ್ಕನ್ ಕಾಲೇಜಾಯಿತು. ವ್ಯಕ್ತಿಗಳಿಗೆ ಹೋಗುತ್ತಿದ್ದ ಹಣ ಸಂಸ್ಥೆಗೆ ಹೋದ ಮೊದಲ ಸಂದರ್ಭವಿದು. ೧೮೪೯ರಲ್ಲಿ ಪುಣೆಯ ಸುಧಾರಕರು ಮತ್ತೊಂದು ಬೇಡಿಕೆಯನ್ನು ಮುಂದಿಟ್ಟರು: ದಕ್ಷಿಣೆಯ ಹಣವನ್ನು ದೇಶಭಾಷೆಯಲ್ಲಿ ಉಪಯುಕ್ತ ಗ್ರಂಥಗಳನ್ನು ಬರೆಯುವವರಿಗೆ ಕೊಡಬೇಕು, ಅದರಲ್ಲಿ ಜಾತಿಯ ನಿರ್ಬಂಧವಿರಬಾರದು. ಸಂಪ್ರದಾಯಸ್ಥರ ಪ್ರತಿಭಟನೆ ತೀವ್ರವಾಗಿದ್ದರೂ ಆ ದಿಕ್ಕಿನಲ್ಲಿ ಬದಲಾವಣೆ ಬಂದೇ ಬಂದಿತು. ಅದೇ ನಿಧಿಯಿಂದ ಕಾಲೇಜಿನಲ್ಲಿ ದಕ್ಷಿಣಾ ಫೆಲೋಶಿಪ್ಪುಗಳು ಏರ್ಪಟ್ಟವು. ರಾಮಕೃಷ್ಣ ಗೋಪಾಳ ಭಾಂಡಾರಕರರು ಇಂಥ ಫೆಲೋಶಿಪ್ಪಿನ ಆಶ್ರಯದಲ್ಲಿ ಸಂಸ್ಕೃತ ವ್ಯಾಸಂಗಕ್ಕೆ ತೊಡಗಿದವರು.

ಈ ಪರಿವರ್ತನೆಯ ಮೂರು ಮೆಟ್ಟಿಲುಗಳು ಮನನಯೋಗ್ಯವಾಗಿವೆ. ಮೊದಲು ಕೆಲಸದ ಕರಾರಿಲ್ಲದ ವೇತನ. ಆಮೇಲೆ ವೇತನವನ್ನು ಕಡಿತಗೊಳಿಸಿ ಕಟ್ಟಿದ ವಿದ್ಯಾಪೀಠ. ಕೊನೆಗೆ ವಿದ್ಯಾಪೀಠದ ಒಳಗೆಯೇ ನೆಲೆಗೊಂಡ, ಗೊತ್ತಾದ ಕೆಲಸವನ್ನು ಅಪೇಕ್ಷಿಸುವ ವೇತನ. ದಕ್ಷಿಣೆಯ ಹಳೆಯ ರೂಪ ಕೆಟ್ಟದ್ದು ಹಣದ ಕೊರತೆಯಿಂದಲ್ಲ. ಯಾರಿಗೆ ಕೊಡಬೇಕು, ಕೊಟ್ಟದ್ದಕ್ಕೆ ಪ್ರತಿಯಾಗಿ ಏನನ್ನು ಕೇಳಬೇಕು ಎಂಬೆರಡು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಹೋದದ್ದರಿಂದ ಅದು ಕೆಟ್ಟಿತು. ಇಂದಿನ ಯಾವ ಫೆಲೋಶಿಪ್ಪನ್ನಾದರೂ ತೂಗಿ ನೋಡಲು ಈ ಎರಡು ಪ್ರಶ್ನೆಗಳೇ ತಕ್ಕಡಿಯಾಗಬಲ್ಲವು.

೩

ಮೂರನೆಯ ಮೆಟ್ಟಿಲಿನ ಫಲ ಎಂಥದೆಂಬುದಕ್ಕೆ ಕನ್ನಡಿಗರ ಪಾಲಿಗೆ ಅತ್ಯುತ್ತಮ ನಿದರ್ಶನ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ೧೮೮೧ರಲ್ಲಿ ಬಿ. ಎ. ಮುಗಿಸಿದರು. ಮನೆಪಾಠ ಹೇಳಿ ಊಟ ವಸತಿಗಳನ್ನು ನಡೆಸಿಕೊಂಡು ಓದಿದ ಬಡತನದ ವಿದ್ಯಾರ್ಥಿ ಅವರು. ಎಂಜಿನಿಯರಿಂಗ್ ಕಲಿಯಲು ಪುಣೆಗೆ ಬರುವುದು ಮೈಸೂರು ಸರಕಾರದ ವಿದ್ಯಾರ್ಥಿವೇತನವಿಲ್ಲದೆ ಸಾಧ್ಯವಿರಲಿಲ್ಲ. ಪುಣೆಯ ವಿಜ್ಞಾನ ಕಾಲೇಜು ೧೮೫೪ರಲ್ಲಿ ಲೋಕೋಪಯೋಗಿ ಇಲಾಖೆಯ ಕೆಳ ನೌಕರರನ್ನು ತರಬೇತುಗೊಳಿಸಲು ಹುಟ್ಟಿದ ಸಣ್ಣ ಶಾಲೆಯಿಂದ ಬೆಳೆದದ್ದು. ಅಲ್ಲಿ ೧೮೮೩ರ ಪರೀಕ್ಷೆಯಲ್ಲಿ ಅವರು ಮೊದಲ ಸ್ಥಾನ ಪಡೆದರು. ಮರುವರ್ಷವೇ ಮುಂಬಯಿ ಆಧಿಪತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟಂಟ್ ಎಂಜಿನಿಯರರಾದರು. ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ ೧೯೦೩ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಅವರ ನೂತನ ಕಲ್ಪನೆಯ ಫಲ.

ಇಲ್ಲಿ ವೇತನವಿಲ್ಲದಿದ್ದರೆ ವಿದ್ಯಾಪೀಠದ ಬಾಗಿಲು ತೆರೆಯುತ್ತಿರಲಿಲ್ಲ. ವಿದ್ಯಾಪೀಠವಿಲ್ಲದಿದ್ದರೆ ವೇತನಕ್ಕೆ ಅರ್ಥವಿರುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾದುದು, ಈ ಅನುಭವ ಪಡೆದ ವ್ಯಕ್ತಿ ಅಧಿಕಾರಕ್ಕೆ ಬಂದಾಗ ಮಾಡಿದ ಕೆಲಸ. ೧೯೧೨ರಿಂದ ೧೯೧೮ರವರೆಗೆ ಮೈಸೂರಿನ ದಿವಾನರಾಗಿದ್ದ ಅವಧಿಯಲ್ಲಿ ವಿಶ್ವೇಶ್ವರಯ್ಯನವರು ಕಲಿಕೆ, ಬಂಡವಾಳ, ವ್ಯಾಪಾರಿಗಳ ಸಂಘಟನೆ ಇವು ಮೂರನ್ನೂ ಒಟ್ಟಿಗೆ ಕಟ್ಟಲು ಯತ್ನಿಸಿದರು. ಮೈಸೂರು ಬ್ಯಾಂಕು ೧೯೧೩ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಮತ್ತು ಮೈಸೂರು ವಾಣಿಜ್ಯ ಮಂಡಲಿ ೧೯೧೬ರಲ್ಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ೧೯೧೭ರಲ್ಲಿ ಸ್ಥಾಪಿತವಾದವು. ಪದವೀಧರನೊಬ್ಬನು ಸಿದ್ಧನಾದ ಮಾತ್ರಕ್ಕೆ ಉದ್ಯಮ ಹುಟ್ಟುವುದಿಲ್ಲ, ಅವನ ಸುತ್ತ ಹಣವೂ ಮಾರುಕಟ್ಟೆಯೂ ಇರಬೇಕೆಂಬ ಅರಿವು ಈ ವರ್ಷಗಳ ಅನುಕ್ರಮದಲ್ಲಿಯೇ ಎದ್ದು ಕಾಣುತ್ತದೆ.

ಪುಣೆಯ ಮತ್ತೊಂದು ಸಂಸ್ಥೆಯಿಂದ ಉತ್ತರ ಕರ್ನಾಟಕಕ್ಕೆ ಹೋದ ಪ್ರೇರಣೆಯನ್ನೂ ಇಲ್ಲಿ ಸ್ಮರಿಸಬೇಕು. ತಿಳಕ, ಆಗರಕರ ಮೊದಲಾದವರು ಡೆಕ್ಕನ್ ಕಾಲೇಜಿನ ದಿನಗಳಲ್ಲಿಯೇ ಶಿಕ್ಷಣಕ್ಕಾಗಿ ಬಾಳನ್ನು ಮುಡಿಪಿಡುವ ಸಂಕಲ್ಪ ಮಾಡಿದರು. ೧೮೮೦ರಲ್ಲಿ ನ್ಯೂ ಇಂಗ್ಲಿಷ್ ಸ್ಕೂಲು, ೧೮೮೪ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸೈಟಿ, ೧೮೮೫ರಲ್ಲಿ ಫರ್ಗ್ಯುಸನ್ ಕಾಲೇಜು ಹುಟ್ಟಿದವು. ಅಲ್ಪ ವೇತನಕ್ಕೆ ಆಜೀವ ದುಡಿಯುವ ಸದಸ್ಯರ ಮೇಲೆ ನಿಂತ ಆ ಪದ್ಧತಿಯ ಮಾದರಿಯಲ್ಲಿಯೇ ತರುಣ ಅಧ್ಯಾಪಕರು ಬೆಳಗಾವಿಯಲ್ಲಿ ೧೯೧೬ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅದರ ಆಶ್ರಯದಲ್ಲಿ ೧೯೪೭ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಇಂದು ತಾಂತ್ರಿಕ ವಿಶ್ವವಿದ್ಯಾನಿಲಯವಾಗಿದ್ದು, ವಿದ್ಯಾರ್ಥಿಗಳ ಹೊಸ ಉದ್ಯಮಗಳನ್ನು ಪೋಷಿಸುವ ಕೇಂದ್ರವನ್ನೂ ನಡೆಸುತ್ತಿದೆ.

೪

ಪದವಿಯೂ ಇಲ್ಲದೆ ಫೆಲೋಶಿಪ್ಪೂ ಇಲ್ಲದೆ ಉದ್ಯಮ ಕಟ್ಟಿದವರ ಉದಾಹರಣೆಯಾಗಿ ಲಕ್ಷ್ಮಣರಾವ್ ಕಿರ್ಲೋಸ್ಕರರ ಹೆಸರನ್ನು ಸಾಮಾನ್ಯವಾಗಿ ಎತ್ತುವುದುಂಟು. ಈ ಅಭಿಪ್ರಾಯ ಅರ್ಧಸತ್ಯ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಜನಿಸಿದ ಲಕ್ಷ್ಮಣರಾಯರು ಚಿತ್ರಕಲೆ ಕಲಿಯಲೆಂದು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಸೇರಿದರು. ಬಣ್ಣಗಳನ್ನು ಪೂರ್ಣವಾಗಿ ಗುರುತಿಸಲಾಗದ ದೃಷ್ಟಿದೋಷದಿಂದ ಅದನ್ನು ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಅಭ್ಯಸಿಸಿ, ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ಕಮ್ಮಟದ ಯಂತ್ರಗಳೊಡನೆ ಅವರಿಗೆ ನಿಕಟ ಪರಿಚಯವಾದದ್ದು ಅಲ್ಲಿ. ಇದೇ ಕಾಲದಲ್ಲಿ ಅಣ್ಣ ರಾಮಣ್ಣನವರೊಡನೆ ಬೆಳಗಾವಿಯಲ್ಲಿ ಸೈಕಲ್ ಮಾರುವ ಅಂಗಡಿಯೂ ನಡೆದಿತ್ತು. ಅರ್ಹವಾಗಿ ಬರಬೇಕಾದ ಬಡ್ತಿ ತಮ್ಮ ಕೈತಪ್ಪಿ ಮತ್ತೊಬ್ಬರಿಗೆ ಹೋದಾಗ ಕೆಲಸಕ್ಕೆ ರಾಜೀನಾಮೆ ಕೊಟ್ಟು ಅವರು ಬೆಳಗಾವಿಗೆ ಮರಳಿದರು.

ಹೀಗೆ ನೋಡಿದರೆ ಲಕ್ಷ್ಮಣರಾಯರಿಗೆ ವಿದ್ಯಾಪೀಠವೂ ಇತ್ತು, ವೇತನವೂ ಇತ್ತು; ಆದರೆ ಆ ಹೆಸರುಗಳಿಂದ ಅವು ಬರಲಿಲ್ಲ. ಶಿಕ್ಷಕನ ಸಂಬಳವೇ ಅವರ ಫೆಲೋಶಿಪ್ಪು, ಸಂಸ್ಥೆಯ ಕಮ್ಮಟವೇ ಅವರ ಪಾಠಕ್ರಮ. ಇವೆರಡೂ ಕಲಿಸದ ಮೂರನೆಯ ವಿದ್ಯೆಯೊಂದು ಉಳಿದಿತ್ತು. ಅದನ್ನು ಗಿರಾಕಿ ಕಲಿಸಿದನು. ಅವರು ತಯಾರಿಸಿದ ಕಬ್ಬಿಣದ ನೇಗಿಲನ್ನು ರೈತರು ಕೊಳ್ಳಲಿಲ್ಲ. ಕಬ್ಬಿಣ ತಾಗಿದರೆ ಮಣ್ಣು ಕೆಡುತ್ತದೆಂಬ ನಂಬಿಕೆ ಬಲವಾಗಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಬೇಕಾಯಿತೆಂದು ಪ್ರಸಿದ್ಧವಾಗಿದೆ. ಆ ಎರಡು ವರ್ಷಗಳನ್ನು ಮೇವು ಕತ್ತರಿಸುವ ಯಂತ್ರ, ಸೈಕಲ್ ಅಂಗಡಿ ಇತ್ಯಾದಿಗಳು ದಾಟಿಸಿದವು. ಪುರಸಭೆಯ ಬಡಾವಣೆಯ ಯೋಜನೆಯಿಂದಾಗಿ ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಅಧಿಪತಿ ಬಾಳಾಸಾಹೇಬ ಪಂತ ಪ್ರತಿನಿಧಿಗಳು ಕುಂಡಲ ರೋಡ್ ರೈಲು ನಿಲ್ದಾಣದ ಬಳಿ ಬರಡು ನೆಲವನ್ನೂ ಸಾಲವನ್ನೂ ಒದಗಿಸಿದರು. ೧೯೧೦ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು.

ಮುಂದಿನ ತಲೆಮಾರಿನಲ್ಲಿ ಚಿತ್ರ ಬದಲಾಗುತ್ತದೆ. ಮಗ ಶಂತನುರಾಯರು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿ ೧೯೨೬ರಲ್ಲಿ ಪದವಿ ಪಡೆದರು. ೧೯೪೧ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್, ೧೯೪೬ರಲ್ಲಿ ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಹಾಗೂ ಪುಣೆಯ ಖಡಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸ್ಥಾಪನೆಯಾದವು. ತಂದೆಗೆ ಬೇಡವಾಗಿದ್ದ ಪದವಿ ಮಗನಿಗೆ ಏಕೆ ಬೇಕಾಯಿತು? ನೇಗಿಲನ್ನು ಕಂಡು, ಬಿಚ್ಚಿ, ಮತ್ತೆ ಮಾಡಿ ಕಲಿಯಬಹುದಿತ್ತು. ಡೀಸೆಲ್ ಎಂಜಿನ್, ವಿದ್ಯುತ್ ಮೋಟಾರುಗಳಿಗೆ ಕ್ರಮಬದ್ಧ ವಿಜ್ಞಾನ ಬೇಕಾಗಿತ್ತು. ಉದ್ಯಮದ ವಸ್ತು ಬದಲಾದರೆ ಕಲಿಕೆಯ ದಾರಿಯೂ ಬದಲಾಗುತ್ತದೆ ಎಂಬುದು ಈ ಮನೆತನದ ಇತಿಹಾಸದಿಂದ ದೊರೆಯುವ ಪಾಠ. ಅಪ್ಪನ ದಾರಿಯನ್ನು ಹೊಗಳುತ್ತ ಮಗನ ದಾರಿಯನ್ನು ಮರೆಯುವುದು ಇತಿಹಾಸದ ಅರ್ಧವನ್ನು ಮಾತ್ರ ಓದಿದಂತೆ.

೫

ಪುಣೆಯಲ್ಲಿ ಹುಟ್ಟಿದ ಕನ್ನಡಿಗರ ಉದ್ಯಮಗಳಲ್ಲಿ ಜಗತ್ಪ್ರಸಿದ್ಧವಾದುದು ಇನ್ಫೋಸಿಸ್. ಶಿಡ್ಲಘಟ್ಟದಲ್ಲಿ ಹುಟ್ಟಿದ ಎನ್. ಆರ್. ನಾರಾಯಣಮೂರ್ತಿಯವರು ಮೈಸೂರಿನಲ್ಲಿ ಎಂಜಿನಿಯರಿಂಗ್ ಪದವಿಯನ್ನೂ, ೧೯೬೯ರಲ್ಲಿ ಕಾನ್ಪುರದ ಐ. ಐ. ಟಿ.ಯಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದವರು. ಪುಣೆಯಲ್ಲಿ ಅವರು ಮೊದಲು ಆರಂಭಿಸಿದ ಸಾಫ್ಟ್ರಾನಿಕ್ಸ್ ಎಂಬ ಸಂಸ್ಥೆ ಒಂದೂವರೆ ವರ್ಷದ ಸುಮಾರಿಗೆ ಮುಚ್ಚಿಹೋಯಿತು. ತರುವಾಯ ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್ ಸೇರಿ, ಅಲ್ಲಿ ಜೊತೆಗಾರರನ್ನು ಕಂಡುಕೊಂಡರು. ೧೯೮೧ರ ಜುಲೈ ೨ರಂದು ಏಳು ಜನ ಎಂಜಿನಿಯರರು ಸೇರಿ ಇನ್ಫೋಸಿಸ್ ಸ್ಥಾಪಿಸಿದರು. ಮೊದಲ ಬಂಡವಾಳ ಸುಧಾ ಮೂರ್ತಿಯವರು ಉಳಿಸಿಟ್ಟಿದ್ದ ಹತ್ತು ಸಾವಿರ ರೂಪಾಯಿ.

ಈ ಹತ್ತು ಸಾವಿರದ ಮಾತು ಎಲ್ಲರ ಬಾಯಲ್ಲಿದೆ. ಅದಕ್ಕಿಂತ ಹೆಚ್ಚು ತೂಕದ ಸಂಗತಿ ಬೇರೊಂದಿದೆ. ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜಿನಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿಯೂ ಕಲಿತು, ಟೆಲ್ಕೋದಲ್ಲಿ ಎಂಜಿನಿಯರರಾಗಿದ್ದ ಸುಧಾ ಮೂರ್ತಿಯವರು ಆಮೇಲೆ ಪುಣೆಯ ವಾಲಚಂದ ಉದ್ಯಮಸಮೂಹದಲ್ಲಿ ಕೆಲಸ ಮಾಡುತ್ತ ಸಂಸಾರವನ್ನು ನಡೆಸಿದರು. ಇಂದಿನ ಫೆಲೋಶಿಪ್ಪು ಮಾಡುವ ಕೆಲಸವನ್ನು, ಅಂದರೆ ಆದಾಯವಿಲ್ಲದ ಆರಂಭದ ವರ್ಷಗಳ ಜೀವನವೆಚ್ಚವನ್ನು ಹೊರುವ ಕೆಲಸವನ್ನು, ಅಂದು ಮಾಡಿದ್ದು ಹೆಂಡತಿಯ ಸಂಬಳ. ಹೊಸ ಕಂಪನಿ ತನ್ನದೇ ಕಂಪ್ಯೂಟರನ್ನು ಪಡೆಯಲು ೧೯೮೩ರವರೆಗೆ ಕಾಯಬೇಕಾಯಿತು. ಪರವಾನಗಿಯ ಆ ಯುಗದಲ್ಲಿ ಕಾಯುವುದೇ ಉದ್ಯಮದ ಬಹುಭಾಗವಾಗಿತ್ತು. ಅದೇ ವರ್ಷ ಕಂಪನಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಮನೆಯಲ್ಲಿ ಮತ್ತೊಂದು ಸಂಬಳವಿಲ್ಲದ ತರುಣನೊಬ್ಬನು ಅಷ್ಟು ಕಾಲ ಕಾಯಬಲ್ಲನೇ? ಈ ಪ್ರಶ್ನೆಗೆ ಉತ್ತರವಾಗಿಯೇ ಫೆಲೋಶಿಪ್ಪುಗಳು ಹುಟ್ಟಿದವೆಂದು ಹೇಳಬಹುದು.

ಈ ಏಳು ಜನರಲ್ಲಿ ಯಾರೂ ಉದ್ಯಮಶೀಲತೆಯ ಪಾಠಕ್ರಮವನ್ನು ಓದಿದವರಲ್ಲ. ಹಾಗಿದ್ದೂ ಅವರಲ್ಲೊಬ್ಬರಾದ ಎನ್. ಎಸ್. ರಾಘವನ್ ಅವರು ತಮ್ಮ ಸಂಪತ್ತಿನ ಭಾಗವನ್ನು ಬೆಂಗಳೂರಿನ ಭಾರತೀಯ ವ್ಯವಸ್ಥಾಪನ ಸಂಸ್ಥೆಗೆ ಕೊಟ್ಟು, ೨೦೦೦ನೆಯ ಇಸವಿಯ ಆಸುಪಾಸಿನಲ್ಲಿ ಉದ್ಯಮಶೀಲತೆಯ ಕಲಿಕೆಗಾಗಿಯೇ ಒಂದು ಕೇಂದ್ರ ಏರ್ಪಡುವಂತೆ ಮಾಡಿದರು. ತಾವು ದಾರಿಯಿಲ್ಲದೆ ನಡೆದವರು ಹಿಂದೆ ಬರುವವರಿಗೆ ದಾರಿ ಹಾಕಿಸಿದರು. ದಾರಿ ಬೇಡವೆಂದು ಅವರು ತೀರ್ಮಾನಿಸಲಿಲ್ಲ.

೬

ಎರಡು ಮಾರ್ಗಗಳೂ ಇಂದಿನ ವ್ಯವಸ್ಥಿತ ರೂಪಕ್ಕೆ ಬಂದದ್ದು ಎರಡನೆಯ ಮಹಾಯುದ್ಧದ ನಂತರವೇ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮೈಲ್ಸ್ ಮೇಸ್ ೧೯೪೭ರಲ್ಲಿ ಹೊಸ ಉದ್ಯಮಗಳ ನಿರ್ವಹಣೆಯನ್ನು ಕುರಿತು ನಡೆಸಿದ ಪಾಠಕ್ರಮ ಈ ಬಗೆಯ ಮೊದಲನೆಯದೆಂದು ಪರಿಗಣಿತವಾಗಿದೆ. ಯುದ್ಧದಿಂದ ಮರಳಿದ ತರುಣರಿಗೆ ಬದುಕಿನ ಹೊಸ ದಾರಿ ಬೇಕಾಗಿತ್ತು. ಅದಕ್ಕಿಂತ ಹಿಂದೆಯೇ ಸ್ಟಾನ್‌ಫರ್ಡ್‌ನಲ್ಲಿ ಪ್ರಾಧ್ಯಾಪಕ ಫ್ರೆಡರಿಕ್ ಟರ್ಮನ್, ತನ್ನ ಹಳೆಯ ಶಿಷ್ಯ ಡೇವಿಡ್ ಪ್ಯಾಕರ್ಡನಿಗೆ ಫೆಲೋಶಿಪ್ ಒದಗಿಸಿ ಅವನನ್ನು ವಿಶ್ವವಿದ್ಯಾನಿಲಯಕ್ಕೆ ಮರಳಿ ಕರೆಸಿಕೊಂಡಿದ್ದನು. ಸಹಪಾಠಿ ವಿಲಿಯಂ ಹ್ಯೂಲೆಟ್ಟನ ಪ್ರಬಂಧದ ವಿಷಯವಾಗಿದ್ದ ಉಪಕರಣವೇ ೧೯೩೯ರಲ್ಲಿ ಅವರಿಬ್ಬರು ಕಟ್ಟಿದ ಕಂಪನಿಯ ಮೊದಲ ಸರಕಾಯಿತು. ಇಲ್ಲಿಯೂ ವೇತನ ಮತ್ತು ವಿದ್ಯಾಪೀಠ ಬೇರೆಬೇರೆಯಾಗಿರಲಿಲ್ಲ. ಇದಕ್ಕೆ ವಿರುದ್ಧವಾದ ತತ್ತ್ವ ೨೦೧೧ರಲ್ಲಿ ಅಮೆರಿಕದ ಥೀಲ್ ಫೆಲೋಶಿಪ್ಪಿನಿಂದ ಪ್ರಚಾರಕ್ಕೆ ಬಂದಿತು. ಆರಂಭದಲ್ಲಿ ಎರಡು ವರ್ಷಕ್ಕೆ ಒಂದು ಲಕ್ಷ ಡಾಲರ್ ಕೊಡುತ್ತಿದ್ದ ಆ ಯೋಜನೆಯ ಕರಾರೇ ಕಾಲೇಜನ್ನು ಬಿಡುವುದು.

ಭಾರತದಲ್ಲಿ ೧೯೮೩ರಲ್ಲಿ ಅಹಮದಾಬಾದಿನಲ್ಲಿ ಉದ್ಯಮಶೀಲತಾ ಅಭಿವೃದ್ಧಿ ಸಂಸ್ಥೆ ಸ್ಥಾಪಿತವಾಗಿ, ಉದ್ಯಮಿಯನ್ನು ತರಬೇತಿಯಿಂದ ರೂಪಿಸಬಹುದೆಂಬ ವಾದಕ್ಕೆ ನೆಲೆ ಸಿಕ್ಕಿತು. ಪುಣೆಯಲ್ಲಿ ೧೯೪೯ರಲ್ಲಿ ಹುಟ್ಟಿ ೨೦೧೪ರಿಂದ ಸಾವಿತ್ರಿಬಾಯಿ ಫುಲೆಯವರ ಹೆಸರನ್ನು ಹೊತ್ತ ವಿಶ್ವವಿದ್ಯಾನಿಲಯವೂ, ವಿಶ್ವೇಶ್ವರಯ್ಯನವರು ಓದಿದ ಮತ್ತು ೨೦೨೨ರಲ್ಲಿ ತಾಂತ್ರಿಕ ವಿಶ್ವವಿದ್ಯಾನಿಲಯವಾದ ಎಂಜಿನಿಯರಿಂಗ್ ಕಾಲೇಜೂ ಹೊಸ ಉದ್ಯಮಗಳ ಪೋಷಣೆಗೆ ತಮ್ಮ ತಮ್ಮ ಕೇಂದ್ರಗಳನ್ನು ಹೊಂದಿವೆ. ಮತ್ತೊಂದು ಕಡೆ, ೧೯೫೦ರಲ್ಲಿ ಉದ್ಘಾಟಿತವಾದ ರಾಷ್ಟ್ರೀಯ ರಸಾಯನ ಪ್ರಯೋಗಶಾಲೆಯ ಆವರಣದಲ್ಲಿ ೨೦೦೭ರಿಂದ ವೆಂಚರ್ ಸೆಂಟರ್ ಎಂಬ ಪೋಷಣಕೇಂದ್ರ ನಡೆದಿದೆ. ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ೨೦೧೬ರಲ್ಲಿ ಆರಂಭಿಸಿದ ‘ನಿಧಿ’ ಯೋಜನೆಯಡಿಯ ನಿವಾಸಿ ಉದ್ಯಮಿ ಫೆಲೋಶಿಪ್ಪು ಇಂಥ ಕೇಂದ್ರಗಳ ಮೂಲಕವೇ ದೊರೆಯುತ್ತದೆ. ಅದರಲ್ಲಿ ತಿಂಗಳಿಗೆ ಗರಿಷ್ಠ ೩೦,೦೦೦ ರೂಪಾಯಿಯಂತೆ ಸಾಮಾನ್ಯವಾಗಿ ಒಂದು ವರ್ಷದವರೆಗೆ ವೇತನವುಂಟು. ಪೂರ್ತಿ ವೇತನ ಹನ್ನೆರಡು ತಿಂಗಳು ಬಂದರೂ ಒಟ್ಟು ಮೊತ್ತ ೩,೬೦,೦೦೦ ರೂಪಾಯಿ. ಒಬ್ಬನ ಜೀವನಕ್ಕೆ ಸಾಕಾಗುವ ಈ ಹಣ ಯಂತ್ರ ಕೊಳ್ಳಲು ಸಾಲದು. ಜೀವವಿಜ್ಞಾನದ ಕ್ಷೇತ್ರದಲ್ಲಿ ಪ್ರಯೋಗದ ವೆಚ್ಚಕ್ಕಾಗಿ ೫೦ ಲಕ್ಷ ರೂಪಾಯಿಯವರೆಗೆ ಅನುದಾನ ಕೊಡುವ ಬೈರ್ಯಾಕ್ ಸಂಸ್ಥೆಯ ಯೋಜನೆ ಬೇರೆಯೇ ಇದೆ. ವೇತನವನ್ನೂ ಅನುದಾನವನ್ನೂ ಒಂದೆಂದು ಭಾವಿಸಿ ಮೋಸಹೋಗುವವರಿರುವುದರಿಂದ ಈ ವ್ಯತ್ಯಾಸವನ್ನು ಒತ್ತಿ ಹೇಳಬೇಕಾಗಿದೆ.

ಈ ಎರಡು ಮಾರ್ಗಗಳ ತಾರತಮ್ಯವನ್ನು ಒಬ್ಬನೇ ವ್ಯಕ್ತಿಯ ಎರಡು ದಾನಗಳು ಚೆನ್ನಾಗಿ ತೋರಿಸುತ್ತವೆ. ಹುಬ್ಬಳ್ಳಿಯಲ್ಲಿ ೧೯೫೦ರಲ್ಲಿ ಜನಿಸಿ ಅಮೆರಿಕದಲ್ಲಿ ಉದ್ಯಮಿಯಾದ ಗುರುರಾಜ ದೇಶಪಾಂಡೆಯವರು, ಶಂತನುರಾಯರು ಓದಿದ ಅದೇ ಮ್ಯಾಸಚೂಸೆಟ್ಸ್ ಸಂಸ್ಥೆಯಲ್ಲಿ ೨೦೦೨ರಲ್ಲಿ ತಾಂತ್ರಿಕ ನಾವೀನ್ಯದ ಕೇಂದ್ರವೊಂದಕ್ಕೆ ಎರಡು ಕೋಟಿ ಡಾಲರಿನ ದೇಣಿಗೆ ಕೊಟ್ಟರು. ಪ್ರಾಧ್ಯಾಪಕರ ಸಂಶೋಧನೆ ಮಾರುಕಟ್ಟೆಗೆ ಬರುವಂತೆ ನೆರವಾಗುವುದು ಅದರ ಕೆಲಸ. ಹುಬ್ಬಳ್ಳಿಯಲ್ಲಿ ಅವರ ಪ್ರತಿಷ್ಠಾನ ಕೈಕೊಂಡದ್ದು ಉತ್ತರ ಕರ್ನಾಟಕದ ತರುಣ ತರುಣಿಯರಿಗೆ ವಸತಿಸಹಿತ ಫೆಲೋಶಿಪ್ಪಿನ ಕಾರ್ಯಕ್ರಮ. ಒಂದು ಕಡೆ ವಿದ್ಯೆ ತುಂಬಿತ್ತು, ಹೊರಹೋಗುವ ಬಾಗಿಲಿನ ಕೊರತೆಯಿತ್ತು. ಇನ್ನೊಂದು ಕಡೆ ತರುಣರಿದ್ದರು, ಅವರಿಗೆ ಅಭ್ಯಾಸವೂ ಆತ್ಮವಿಶ್ವಾಸವೂ ಬೇಕಾಗಿದ್ದವು. ಇಲ್ಲದ್ದನ್ನು ಕೊಡುವುದೇ ಎರಡೂ ದಾನಗಳ ಸೂತ್ರ.

೭

ಮೇಲಿನ ಇತಿಹಾಸದಿಂದ ನಿಷ್ಪನ್ನವಾಗುವ ವಿಚಾರವೂ ಇದೇ. ವೇತನ ಹೆಚ್ಚೋ ವಿದ್ಯಾಪೀಠ ಹೆಚ್ಚೋ ಎಂಬ ಪ್ರಶ್ನೆಗೆ ಸರ್ವಸಾಧಾರಣ ಉತ್ತರವಿಲ್ಲ. ಆಯ್ಕೆ ಮಾಡುವವನಲ್ಲಿ ಯಾವುದರ ಕೊರತೆಯಿದೆ ಎಂಬುದಕ್ಕೆ ಉತ್ತರವುಂಟು.

ಕೈಯಲ್ಲಿ ವಿದ್ಯೆಯಿದ್ದು, ಮಾಡಬೇಕಾದ ವಸ್ತುವಿನ ಸ್ಪಷ್ಟ ಕಲ್ಪನೆಯಿದ್ದು, ಸಂಬಳ ಬಿಟ್ಟರೆ ಮನೆ ನಡೆಯದೆಂಬ ಒಂದೇ ಅಡ್ಡಿಯಿದ್ದವನಿಗೆ ಫೆಲೋಶಿಪ್ಪು ತಕ್ಕದ್ದು. ಅವನಿಗೆ ಮತ್ತೊಂದು ಪದವಿ ಕಾಲಹರಣವಾದೀತು. ಇದಕ್ಕೆ ವಿರುದ್ಧವಾಗಿ, ಉದ್ಯಮ ಮಾಡಬೇಕೆಂಬ ಉತ್ಸಾಹವಿದ್ದು, ಯಾವ ಉದ್ಯಮ, ಯಾರಿಗಾಗಿ, ಯಾರೊಡನೆ ಎಂಬುದು ಇನ್ನೂ ತಿಳಿಯದವನಿಗೆ ಹನ್ನೆರಡು ತಿಂಗಳ ವೇತನ ಹನ್ನೆರಡು ತಿಂಗಳ ಗಡುವಾಗಿ ಪರಿಣಮಿಸುತ್ತದೆ. ಅಂಥವನಿಗೆ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆ, ಗ್ರಂಥಾಲಯ, ಅದಕ್ಕಿಂತ ಹೆಚ್ಚಾಗಿ ಸಹಪಾಠಿಗಳ ಸಂಗ ಉಪಯುಕ್ತ. ಇನ್ಫೋಸಿಸ್ಸಿನ ಏಳು ಜನರೂ ಒಬ್ಬರನ್ನೊಬ್ಬರು ಅರಿತದ್ದು ಒಂದೇ ಕಡೆ ದುಡಿಯುವಾಗ. ಟರ್ಮನ್ನನ ಶಿಷ್ಯರಿಬ್ಬರು ಕೂಡಿದ್ದು ಒಂದೇ ತರಗತಿಯಲ್ಲಿ. ಜೊತೆಗಾರರನ್ನು ದೊರಕಿಸಿಕೊಡುವ ಕೆಲಸದಲ್ಲಿ ವಿದ್ಯಾಪೀಠಕ್ಕೆ ಸಮನಾದುದು ವಿರಳ.

ಪದವಿಗೆ ಇನ್ನೊಂದು ಗುಣವಿದೆ. ಉದ್ಯಮ ಸೋತರೂ ಅದು ಉಳಿಯುತ್ತದೆ. ಆಸ್ತಿಯ ಆಸರೆಯಿಲ್ಲದ ಮನೆಗಳು ಪದವಿಯನ್ನು ವಿಮೆಯಂತೆ ಕಾಣುವುದು ಅವಿವೇಕವಲ್ಲ. ಆದರೆ ಆ ವಿಮೆಯ ಕಂತು ದೊಡ್ಡದು. ಖಾಸಗಿ ವಿಶ್ವವಿದ್ಯಾನಿಲಯಗಳ ಎರಡು ವರ್ಷದ ಶುಲ್ಕ ಲಕ್ಷಗಳ ಲೆಕ್ಕದಲ್ಲಿರುತ್ತದೆ. ಸಾಲ ಮಾಡಿ ಉದ್ಯಮಶೀಲತೆಯನ್ನು ಕಲಿತವನು ಸಾಲದ ಕಂತು ಕಟ್ಟಲು ನೌಕರಿ ಹಿಡಿಯಬೇಕಾದರೆ, ಕಲಿತ ವಿದ್ಯೆಯೇ ಅದರ ಉದ್ದೇಶಕ್ಕೆ ಅಡ್ಡವಾಗಿ ನಿಲ್ಲುತ್ತದೆ. ಆದುದರಿಂದ ಪಾಠಕ್ರಮವನ್ನು ಆರಿಸುವವರು ಅಲ್ಲಿ ಏನು ಕಲಿಸುತ್ತಾರೆಂಬುದರಷ್ಟೇ, ಅಲ್ಲಿಂದ ಹೊರಬಂದವರ ಹೆಗಲ ಮೇಲೆ ಎಷ್ಟು ಸಾಲವಿರುತ್ತದೆಂಬುದನ್ನೂ ವಿಚಾರಿಸಬೇಕು.

ಫೆಲೋಶಿಪ್ಪನ್ನು ಆರಿಸುವವರು ದಕ್ಷಿಣೆಯ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಪ್ರತಿಯಾಗಿ ಕೇಳುವುದೇನು? ಕಂಪನಿಯ ಪಾಲನ್ನೇ, ಆವಿಷ್ಕಾರದ ಹಕ್ಕನ್ನೇ, ಅಥವಾ ತಿಂಗಳ ವರದಿಯನ್ನು ಮಾತ್ರವೇ? ಆರಿಸುವ ರೀತಿ ಎಂಥದು? ಐದು ನಿಮಿಷ ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತಾಡುವವನಿಗೆ ಅದು ಒಲಿಯುವುದಾದರೆ, ಗುರ್ಲಹೊಸೂರಿನಂಥ ಊರಿಂದ ಬಂದು ಕೈಕೆಲಸದಲ್ಲಿ ನಿಪುಣನಾದವನು ಬಾಗಿಲ ಹೊರಗೇ ಉಳಿಯುತ್ತಾನೆ. ೧೮೪೯ರಲ್ಲಿ ದೇಶಭಾಷೆಯ ಪರವಾಗಿ ಎತ್ತಿದ ಬೇಡಿಕೆ ಇಂದಿಗೂ ಹಳತಾಗಿಲ್ಲ. ಉದ್ಯಮದ ಕಲ್ಪನೆಯನ್ನು ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ವಿವರಿಸಿ ವೇತನ ಪಡೆಯುವಂತಾದಾಗ ಮಾತ್ರ ಆ ನಿಧಿ ಎಲ್ಲರದಾಯಿತೆಂದು ಹೇಳಬಹುದು.

ಕೊನೆಯದಾಗಿ, ಎರಡು ಮಾರ್ಗಗಳಿಗೂ ನಿಲುಕದ ಕ್ಷೇತ್ರವೊಂದು ಉಳಿದೇ ಇದೆ. ನೇಗಿಲನ್ನು ಕೊಳ್ಳದ ರೈತನ ಮನವೊಲಿಸುವುದನ್ನು ಯಾವ ಪಾಠಕ್ರಮವೂ ಲಕ್ಷ್ಮಣರಾಯರಿಗೆ ಹೇಳಿಕೊಡಲಿಲ್ಲ. ಆ ಎರಡು ವರ್ಷಗಳನ್ನು ದಾಟಿಸಿದ್ದು ಅಣ್ಣನ ಅಂಗಡಿ. ಪುಣೆಯ ಸಂಸಾರವನ್ನು ದಾಟಿಸಿದ್ದು ಸುಧಾ ಮೂರ್ತಿಯವರ ಸಂಬಳ. ಊರಲ್ಲಿರುವವನಿಗೆ ಇಂಥ ಆಸರೆಯನ್ನು ಬಂಧುಬಳಗ ಕೊಡುತ್ತದೆ. ಪರಸ್ಥಳದಲ್ಲಿರುವವನಿಗೆ ಅದನ್ನು ಯಾರು ಕೊಡಬೇಕು? ಮುಂಬಯಿ, ಪುಣೆಗಳ ಕನ್ನಡ ಸಂಘಗಳು ಶಾಲೆಗಳನ್ನು ಕಟ್ಟಿ ಭಾಷೆಯನ್ನು ಉಳಿಸುವ ಕಾರ್ಯವನ್ನು ಮಾಡಿವೆ. ಹೊಸ ಉದ್ಯಮಕ್ಕೆ ಮೊದಲ ಗಿರಾಕಿಯನ್ನು ತೋರಿಸಿಕೊಡುವುದು, ನಿವೃತ್ತ ಎಂಜಿನಿಯರರ ಅನುಭವವನ್ನು ತರುಣರಿಗೆ ತಲುಪಿಸುವುದು, ಸೋತವನಿಗೆ ಮರುನೌಕರಿಯ ದಾರಿ ಹುಡುಕಿಕೊಡುವುದು, ಇವು ಹೆಚ್ಚಿನ ಹಣವಿಲ್ಲದೆ ಆಗಬಹುದಾದ ಕೆಲಸಗಳು. ಬೆಳಗಾವಿಯ ಶಿಕ್ಷಕರು ಪುಣೆಯಿಂದ ಕಲಿತು ತಮ್ಮೂರಿಗೆ ಒಯ್ದ ಸಂಘಜೀವನದ ಪಾಠವನ್ನು ಪುಣೆಯ ಕನ್ನಡಿಗರು ಈ ರೂಪದಲ್ಲಿ ಮತ್ತೆ ಬಳಸಿಕೊಂಡರೆ, ವೇತನ ಮುಗಿದ ಮರುದಿನವೂ ಪದವಿ ದೊರೆತ ಮರುದಿನವೂ ತರುಣನು ಒಬ್ಬಂಟಿಯಾಗಲಾರನು.